ಹಾರ್ಡ್ ಡಿಸ್ಕಿನ ಸದ್ದು: ಹೊಸ ರೋಗಕ್ಕೆ ಹಳೆಯ ಮದ್ದು

ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಪ್ರಯೋಗದ ದತ್ತಾಂಶ, ಶಾಲಾ ಪ್ರವಾಸದ ಛಾಯಾಚಿತ್ರ – ಇವೆಲ್ಲವನ್ನೂ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ತುಂಬಿಡುವುದು ವಾಡಿಕೆಯಾಗಿದೆ. ಗಣಕಕ್ಕೆ ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸುವ ಈ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು ದಿನ ‘ಟಕ್, ಟಕ್, ಟಕ್’ ಎನ್ನತೊಡಗುತ್ತದೆ. ಪರದೆಯ ಮೇಲೆ ಅದರ ಸುಳಿವೇ ಇರುವುದಿಲ್ಲ. ಆಗ ಸುತ್ತಲಿನವರಿಂದ ಸಲಹೆಗಳು ಬರುತ್ತವೆ: ಮೆಲ್ಲಗೆ ತಟ್ಟಿ ನೋಡಿ, ಫ್ರೀಜರಿನಲ್ಲಿ ಇಟ್ಟು ತೆಗೆಯಿರಿ, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡನ್ನು ಇದಕ್ಕೆ ಹಾಕಿ. ಇವುಗಳಲ್ಲಿ ಕೆಲವು ಒಂದು ಕಾಲದಲ್ಲಿ ಫಲ ನೀಡಿದ್ದು ನಿಜ. ಆದರೆ ಆ ಡಿಸ್ಕುಗಳೇ ಬೇರೆ, ಅವುಗಳ ರೋಗವೇ ಬೇರೆ. ಯಾವ ಸದ್ದಿಗೆ ಏನು ಅರ್ಥ, ಯಾವ ಮದ್ದು ಏಕೆ ಹಳತಾಯಿತು ಎಂಬುದನ್ನು ಹಾರ್ಡ್ ಡಿಸ್ಕಿನ ಚರಿತ್ರೆಯೇ ತಿಳಿಸುತ್ತದೆ.

ಗಾಳಿಯ ಮೇಲೆ ತೇಲುವ ಹೆಡ್

ಅಮೆರಿಕದ ಐಬಿಎಂ ಸಂಸ್ಥೆ 1956ರಲ್ಲಿ ರಾಮ್ಯಾಕ್ ಎಂಬ ಗಣಕವನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ಅದಕ್ಕಾಗಿ ರೂಪಿಸಿದ ‘ಐಬಿಎಂ 350’ ಎಂಬ ಸ್ಮೃತಿ ಘಟಕವೇ ಮೊದಲ ಹಾರ್ಡ್ ಡಿಸ್ಕ್. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಅಷ್ಟೂ ತಟ್ಟೆಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಕಾಂತೀಯ ಗುರುತುಗಳನ್ನು ಓದುವ, ಬರೆಯುವ ಹೆಡ್ ತಟ್ಟೆಗೆ ತಾಗದಂತೆ ಕಂಪ್ರೆಸರಿನಿಂದ ಗಾಳಿ ಊದಲಾಗುತ್ತಿತ್ತು. ಹೆಡ್ಡಿಗೂ ತಟ್ಟೆಗೂ ನಡುವಣ ಅಂತರ ಸುಮಾರು 20 ಮೈಕ್ರೋಮೀಟರ್.

1961ರ ಐಬಿಎಂ 1301 ಮಾದರಿಯಲ್ಲಿ ಹೆಡ್ಡಿಗೆ ಕಂಪ್ರೆಸರಿನ ಹಂಗು ತಪ್ಪಿತು. ತಿರುಗುವ ತಟ್ಟೆ ತನ್ನೊಡನೆ ಎಳೆದು ತರುವ ಗಾಳಿಯೇ ಅದನ್ನು ಎತ್ತಿ ಹಿಡಿಯತೊಡಗಿತು. 1973ರಲ್ಲಿ ಬಂದ ಐಬಿಎಂ 3340, ‘ವಿಂಚೆಸ್ಟರ್’ ಎಂದು ಹೆಸರಾಯಿತು. ಇದರಲ್ಲಿ ಹೆಡ್ ಮತ್ತು ತಟ್ಟೆಗಳನ್ನು ಧೂಳು ಸೇರದಂತೆ ಒಂದೇ ಕವಚದೊಳಗೆ ಮುಚ್ಚಿಡಲಾಯಿತು. ತಟ್ಟೆ ನಿಂತಾಗ ಹಗುರವಾದ ಹೆಡ್ ಅದರ ಮೇಲೆಯೇ ಇಳಿದು ಕೂರುತ್ತಿತ್ತು, ತಿರುಗಿದಾಗ ಮೇಲೇಳುತ್ತಿತ್ತು. 1980ರಲ್ಲಿ ಸೀಗೇಟ್ ಕಂಪನಿ 5 ಮೆಗಾಬೈಟಿನ ಡಿಸ್ಕನ್ನು ಮೇಜಿನ ಗಣಕದೊಳಗೆ ಹಿಡಿಸುವಷ್ಟು ಚಿಕ್ಕದಾಗಿಸಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಐಬಿಎಂ 350ರ ತಟ್ಟೆಯ ಅಂಚಿನ ವೇಗ ಸೆಕೆಂಡಿಗೆ ಸುಮಾರು 38 ಮೀಟರ್. ನಿಮಿಷಕ್ಕೆ 7,200 ಸುತ್ತು ತಿರುಗುವ, 95 ಮಿಲಿಮೀಟರ್ ವ್ಯಾಸದ ಇಂದಿನ ತಟ್ಟೆಯ ಅಂಚಿನ ವೇಗ ಸುಮಾರು 36 ಮೀಟರ್. ಎಂದರೆ, ವೇಗ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ನಡುವಣ ಅಂತರ. ಅದು 20 ಮೈಕ್ರೋಮೀಟರಿನಿಂದ ಕೆಲವೇ ನ್ಯಾನೋಮೀಟರಿಗೆ ಇಳಿದಿದೆ. ಸಾವಿರಾರು ಪಟ್ಟು ಕಿರಿದಾಗಿದೆ. ಒಂದು ಮೈಕ್ರೋಮೀಟರಿನ ಧೂಳಿನ ಕಣ ಈ ಹೆಡ್ಡಿನ ದಾರಿಯಲ್ಲಿ ಬೆಟ್ಟವಿದ್ದಂತೆ.

‘ಟಕ್’ ಎನ್ನುವುದೇಕೆ?

ಮೊದಮೊದಲ ಚಿಕ್ಕ ಡಿಸ್ಕುಗಳಲ್ಲಿ ಹೆಡ್ಡನ್ನು ಸರಿಸಲು ಸ್ಟೆಪ್ಪರ್ ಮೋಟಾರ್ ಇರುತ್ತಿತ್ತು. ಅದು ಇಷ್ಟು ಹೆಜ್ಜೆ ಎಂದು ಎಣಿಸಿ ನಿಲ್ಲುವ ಯಂತ್ರ. ದೊಡ್ಡ ಗಣಕಗಳಲ್ಲಿ ಬೇರೆ ವಿಧಾನ ಬೆಳೆದಿತ್ತು. 1971ರ ಐಬಿಎಂ 3330ರಲ್ಲಿ ತಟ್ಟೆಯ ಮೇಲೆಯೇ ಬರೆದಿಟ್ಟ ‘ಸರ್ವೋ’ ಗುರುತುಗಳನ್ನು ಓದುತ್ತ ಹೆಡ್ ತನ್ನ ಜಾಡನ್ನು ಹಿಡಿಯುತ್ತಿತ್ತು. ಅದನ್ನು ಸರಿಸುವುದು ಧ್ವನಿವರ್ಧಕದಲ್ಲಿರುವಂತಹ ಒಂದು ತಂತಿಸುರುಳಿ. ಮುಂದೆ ಎಲ್ಲ ಡಿಸ್ಕುಗಳೂ ಇದೇ ದಾರಿ ಹಿಡಿದವು.

ಈ ಸುರುಳಿಗೆ ಹೆಜ್ಜೆಯ ಎಣಿಕೆ ಗೊತ್ತಿಲ್ಲ. ಹೆಡ್ ಓದಿ ಹೇಳಿದರೆ ಮಾತ್ರ ತಾನೆಲ್ಲಿರುವೆನೆಂದು ತಿಳಿಯುತ್ತದೆ. ಗುರುತು ಕಾಣದಿದ್ದರೆ ಹೆಡ್ ಹಿಡಿದ ತೋಳು ಹಿಂದಕ್ಕೆ ಸರಿದು, ತಡೆಗೆ ಬಡಿದು, ಮತ್ತೆ ಹುಡುಕಲು ಹೊರಡುತ್ತದೆ. ದಾರಿ ತಪ್ಪಿದವನು ಹೊರಟಲ್ಲಿಗೇ ಮರಳಿ ಬಂದು ಮತ್ತೆ ನಡೆದಂತೆ! ಆ ಬಡಿತವೇ ನಮಗೆ ಕೇಳುವ ‘ಟಕ್’. ಹೆಡ್ ಕೆಟ್ಟಿರಬಹುದು, ತಟ್ಟೆ ಗೀರಿರಬಹುದು, ಇಲ್ಲವೇ ವಿದ್ಯುತ್ತು ಸಾಲದೆ ತಟ್ಟೆ ಪೂರ್ಣ ವೇಗ ಪಡೆಯದಿರಬಹುದು. ಸದ್ದು ಒಂದೇ ಆದರೂ ಕಾರಣ ಹಲವು.

ಈ ಸದ್ದಿಗೆ ‘ಕ್ಲಿಕ್ ಆಫ್ ಡೆತ್’ ಎಂಬ ಹೆಸರು ಜನಜನಿತವಾದದ್ದು 1990ರ ದಶಕದ ಕೊನೆಗೆ, ಐಯೊಮೆಗಾ ಕಂಪನಿಯ ಜಿಪ್ ಡ್ರೈವಿನಿಂದ. ಅದು ಹಾರ್ಡ್ ಡಿಸ್ಕ್ ಅಲ್ಲ. ತಟ್ಟೆಯನ್ನು ಹೊರತೆಗೆಯಬಹುದಾದ ಸಾಧನ. 1998ರಲ್ಲಿ ಈ ದೋಷದ ವಿಷಯ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. ಹಾಳಾದ ತಟ್ಟೆಯನ್ನು ‘ನೋಡೋಣ’ ಎಂದು ಇನ್ನೊಂದು ಡ್ರೈವಿಗೆ ಹಾಕಿದರೆ ಅದರ ಹೆಡ್ಡೂ ಕೆಡುವ ಸಂಭವವಿತ್ತು. ಮತ್ತೆ ಮತ್ತೆ ಪ್ರಯತ್ನಿಸುವುದರಿಂದಲೇ ಹಾನಿ ಹೆಚ್ಚುತ್ತದೆ ಎಂಬ ಪಾಠ ಇಂದಿನ ಡಿಸ್ಕುಗಳಿಗೂ ಸಲ್ಲುತ್ತದೆ.

ಮದ್ದುಗಳು ಹಳತಾದ ಬಗೆ

ತಟ್ಟುವ ಮದ್ದು ಹುಟ್ಟಿದ್ದು ಹೆಡ್ ತಟ್ಟೆಯ ಮೇಲೆಯೇ ಕೂರುತ್ತಿದ್ದ ಕಾಲದಲ್ಲಿ. ಅಂತರ ಕಿರಿದಾದಂತೆ ತಟ್ಟೆಗಳನ್ನು ಹೆಚ್ಚು ಹೆಚ್ಚು ನುಣುಪಾಗಿಸಬೇಕಾಯಿತು. ಎರಡು ನುಣುಪಾದ ಗಾಜುಗಳ ನಡುವೆ ನೀರಿನ ಹನಿ ಬಿದ್ದರೆ ಅವು ಅಂಟಿಕೊಳ್ಳುವಂತೆ, ಹೆಡ್ ತಟ್ಟೆಗೆ ಅಂಟಿ ಮೋಟಾರ್ ತಿರುಗದಾಗುತ್ತಿತ್ತು. ಆಗ ಡಿಸ್ಕನ್ನು ಕೈಯಲ್ಲಿ ಹಿಡಿದು ಚಕ್ಕನೆ ತಿರುವಿದರೆ ಬಿಡಿಸಿಕೊಳ್ಳುತ್ತಿದ್ದುದುಂಟು. ಮುಂದೆ ಹೆಡ್ ಇಳಿಯುವ ಜಾಗವನ್ನು ತುಸು ಒರಟಾಗಿಸಲಾಯಿತು; ಆನಂತರ ಹೆಡ್ ತಟ್ಟೆಯಿಂದಲೇ ಹೊರಗೆ ಬಂದು ಕೂರುವ ಇಳಿಜಾರು ಪಟ್ಟಿ ಬಂತು. ಇಂತಹ ಡಿಸ್ಕಿನಲ್ಲಿಯೂ ಹೆಡ್ ತಟ್ಟೆಗೆ ಅಂಟಿದೆ ಎಂದರೆ ಅದು ದತ್ತಾಂಶದ ಮೇಲೆಯೇ ಬಿದ್ದಿದೆ ಎಂದರ್ಥ. ತಟ್ಟಿದರೆ ಗೀರು ಬೀಳುತ್ತದೆ, ಅಷ್ಟೇ.

ಬೋರ್ಡ್ ಬದಲಿಸುವ ಮದ್ದಿನ ಕಥೆಯೂ ಇದೇ. ಹಿಂದೆ ಒಂದೇ ಮಾದರಿಯ ಬೋರ್ಡುಗಳನ್ನು ಅದಲುಬದಲು ಮಾಡಲು ಸಾಧ್ಯವಿತ್ತು. ಜಾಡುಗಳು ಕಿರಿದಾದ ಮೇಲೆ ಪ್ರತಿ ಡಿಸ್ಕಿನ ಹೆಡ್ಡುಗಳಿಗೂ ಕಾರ್ಖಾನೆಯಲ್ಲಿ ಬೇರೆ ಬೇರೆ ಹೊಂದಾಣಿಕೆ ಮಾಡಿ, ಅದರ ವಿವರವನ್ನು ಆಯಾ ಬೋರ್ಡಿನ ಚಿಪ್ಪಿನಲ್ಲಿ ಬರೆದಿಡುತ್ತಾರೆ. ಹಾಗಾಗಿ ಬೇರೊಂದರ ಬೋರ್ಡು ಒಗ್ಗುವುದಿಲ್ಲ.

ಇನ್ನು ಫ್ರೀಜರ್. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಗಾಳಿಯಾಡಲು ಶೋಧಕವುಳ್ಳ ಒಂದು ಚಿಕ್ಕ ರಂಧ್ರವಿರುತ್ತದೆ. ತಣ್ಣಗಾದ ಡಿಸ್ಕನ್ನು ನಮ್ಮ ಕರಾವಳಿಯ ತೇವದ ಹವೆಗೆ ತಂದರೆ ತಂಬಿಗೆಯ ಹೊರಮೈ ಬೆವರುವಂತೆ ಡಿಸ್ಕಿನ ಮೇಲೂ ಒಳಗೂ ನೀರು ಕೂಡುತ್ತದೆ. ಕೆಲವು ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಹೆಡ್ಡಿನ ಗತಿಯನ್ನು ನೀವೇ ಊಹಿಸಿ!

ಮೊದಲು ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ವಿದ್ಯುತ್ತನ್ನು ಸಂಶಯಿಸಬೇಕು. 2000ದಲ್ಲಿ ಬಂದ ಯುಎಸ್‌ಬಿ 2.0 ಮಾನಕ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಮಾತ್ರ ಒದಗಿಸುತ್ತದೆ. 2008ರ ಯುಎಸ್‌ಬಿ 3.0ರಲ್ಲಿ ಇದು 900. ನಿಂತ ತಟ್ಟೆಯನ್ನು ತಿರುಗಿಸುವ ಮೊದಲ ಕ್ಷಣಗಳಲ್ಲಿ 2.5 ಅಂಗುಲದ ಡಿಸ್ಕಿಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು. ಉದ್ದನೆಯ ಅಥವಾ ಸವೆದ ಕೇಬಲ್ ಇದ್ದರಂತೂ ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಬೇರೆ ಗಿಡ್ಡ ಕೇಬಲ್, ಬೇರೆ ಪೋರ್ಟ್ ಅಥವಾ ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ ಒಮ್ಮೆ ನೋಡಿ. 3.5 ಅಂಗುಲದ ಡಿಸ್ಕಾದರೆ ಅದರ 12 ವೋಲ್ಟಿನ ಅಡಾಪ್ಟರನ್ನು ಪರೀಕ್ಷಿಸಿ.

ಎಲ್ಲ ಸದ್ದೂ ರೋಗವಲ್ಲ. ನಿಮಿಷಕ್ಕೆ 5,400 ಸುತ್ತಿನ ಡಿಸ್ಕಿನಿಂದ ಸೆಕೆಂಡಿಗೆ 90 ಕಂಪನಗಳ ಮೆಲುಗುನುಗು ಬರುವುದು ಸಹಜ. ನಿಲ್ಲಿಸುವಾಗ ಒಮ್ಮೆ ಕೇಳುವ ‘ಟಿಕ್’, ಹೆಡ್ ತನ್ನ ಜಾಗ ಸೇರಿದ ಸದ್ದು. ಆದರೆ ವಿದ್ಯುತ್ತು ಸರಿಯಿದ್ದೂ ತಾಳಬದ್ಧವಾಗಿ ‘ಟಕ್ ಟಕ್’ ಕೇಳಿದರೆ, ಅಥವಾ ಉಜ್ಜಿದ ಸದ್ದು ಬಂದರೆ, ಕೂಡಲೇ ಡಿಸ್ಕನ್ನು ನಿಲ್ಲಿಸಬೇಕು. ದುರಸ್ತಿ ತಂತ್ರಾಂಶವನ್ನು ಓಡಿಸಬಾರದು, ಪೆಟ್ಟಿಗೆಯನ್ನು ಬಿಚ್ಚಬಾರದು. ದತ್ತಾಂಶ ಬೇಕೇ ಬೇಕೆಂದಾದರೆ ಅದನ್ನು ಪರಿಣತರ ಕೈಗೆ ಒಪ್ಪಿಸುವುದೇ ಸರಿ. ಆಗಾಗ ತಡವರಿಸಿದರೂ ಇನ್ನೂ ಓದುತ್ತಿರುವ ಡಿಸ್ಕಾದರೆ, ಅತ್ಯಗತ್ಯವಾದುದನ್ನು ಮೊದಲು ನಕಲು ಮಾಡಿಕೊಳ್ಳಿ.

ಸದ್ದಿಲ್ಲದ ಡಿಸ್ಕ್ ಕ್ಷೇಮವೇ?

ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಗಮನಿಸಿ ವರದಿ ಮಾಡುವ ‘ಸ್ಮಾರ್ಟ್’ ವ್ಯವಸ್ಥೆ 1990ರ ದಶಕದ ನಡುವೆ ರೂಪುಗೊಂಡಿತು. ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ, ತಾವು ಬಳಸಿದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವಕ್ಕಿಂತ 39 ಪಟ್ಟು ಹೆಚ್ಚಿತ್ತು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇಕಡ 36ಕ್ಕೂ ಹೆಚ್ಚಿನವು, ಉಷ್ಣತೆಯೊಂದನ್ನು ಬಿಟ್ಟರೆ, ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆಯೇ ಕೆಟ್ಟಿದ್ದವು.

ಸದ್ದು ಬಂದರೆ ಅದು ಎಚ್ಚರಿಕೆ, ನಿಜ. ಸದ್ದಿಲ್ಲದಿರುವುದು ಮಾತ್ರ ಭರವಸೆಯಲ್ಲ. ಒಂದೇ ಡಿಸ್ಕಿನಲ್ಲಿರುವ ಅಂಕಪಟ್ಟಿಯನ್ನು ಇಂದೇ ಇನ್ನೊಂದೆಡೆ ನಕಲು ಮಾಡಿ, ಆ ನಕಲನ್ನು ಬೇರೆ ಕಟ್ಟಡದಲ್ಲಿಡಿ. ಡಿಸ್ಕ್ ಕೆಟ್ಟ ಮೇಲೆ ಮದ್ದು ಹುಡುಕುವುದಕ್ಕಿಂತ ಇದೇ ಸುಲಭವಲ್ಲವೇ?