ಸೊಟ್ಟ ಪಾದ ಮತ್ತು ವಾಚ್ ರಿಪೇರಿಯವನ ಮಗ

ಎತ್ತಿನ ಹಿಂಗಾಲನ್ನು ಒಮ್ಮೆ ಸರಿಯಾಗಿ ನೋಡಿ. ನಡುವೆ ಹಿಂದಕ್ಕೆ ಮಡಚಿದ ಹಾಗೆ ಕಾಣುವ ಕೀಲನ್ನು ನಾವೆಲ್ಲ ಮೊಣಕಾಲು ಅಂದ್ಕೊಂಡಿರ್ತೀವಿ. ಅದು ನಿಜವಾಗಿ ಅದರ ಹಿಮ್ಮಡಿ! ದನ, ಕುದುರೆ, ನಾಯಿ ಎಲ್ಲವೂ ಹಿಮ್ಮಡಿ ಮೇಲೆತ್ತಿಕೊಂಡು ಬೆರಳ ಮೇಲೆ ನಡೆಯುವ ಪ್ರಾಣಿಗಳು. ಮನುಷ್ಯ ಹಿಮ್ಮಡಿ ಊರಿ ನಡೀತಾನೆ. ಹಾಗೆ ಊರಲು ಪಾದದ ಹಿಂಭಾಗದ 7 ಟಾರ್ಸಲ್ ಮೂಳೆಗಳು ಒಂದಕ್ಕೊಂದು ಸರಿಯಾಗಿ ಕೂತಿರಬೇಕು.

ಕೆಲವು ಮಕ್ಕಳು ಹುಟ್ಟುವಾಗಲೇ ಆ ಮೂಳೆಗಳು ತಿರುಚಿಕೊಂಡಿರುತ್ತವೆ. ಹಿಮ್ಮಡಿ ಮೇಲೆ, ಅಂಗಾಲು ಒಳಕ್ಕೆ. ಇದೇ ಕ್ಲಬ್‌ಫೂಟ್, ನಮ್ಮ ಮಾತಲ್ಲಿ ಸೊಟ್ಟ ಪಾದ. ಸಾವಿರ ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಬರುತ್ತೆ. ನಮ್ಮ ಹಳ್ಳಿಗಳಲ್ಲಿ ಮಾತ್ರ ಬಸುರಿ ಹೆಂಗಸು ಗ್ರಹಣದ ಹೊತ್ತಲ್ಲಿ ಹೊರಗೆ ಬಂದಳು ಅಂತ ತಾಯಿಯ ತಲೆಗೇ ಕಟ್ಟುತ್ತಾರೆ.

ತಮಾಷೆ ಅಂದ್ರೆ, ಇದರ ಚಿಕಿತ್ಸೆಯ ಮೂಲಸೂತ್ರ ಸುಮಾರು 2400 ವರ್ಷ ಹಳೇದು. ಗ್ರೀಸಿನ ಹಿಪೊಕ್ರೇಟಿಸ್ ಪರಂಪರೆಯ ಬರಹಗಳಲ್ಲೇ ಇದೆ: ಮಗು ಎಳೆಯದಿರುವಾಗಲೇ ಪಾದವನ್ನು ಕೈಯಿಂದ ಮೆಲ್ಲಗೆ ತಿದ್ದಿ, ಬಟ್ಟೆ ಸುತ್ತಿ ಕಟ್ಟಬೇಕು. ಕರು ಕಾಲು ಮಡಚಿಕೊಂಡು ಹುಟ್ಟಿದರೆ ನಮ್ಮೂರಲ್ಲಿ ಬಿದಿರಿನ ದಬ್ಬೆ ಇಟ್ಟು ಕಟ್ತಿದ್ದರು. ಲೆಕ್ಕಾಚಾರ ಅದೇ. ಎಳೆಯ ನರ, ಸ್ನಾಯು ಹೇಳಿದ ಮಾತು ಕೇಳುತ್ತವೆ.

1803ರಲ್ಲಿ ಇಟಲಿಯ ಸ್ಕಾರ್ಪಾ ಸೊಟ್ಟ ಪಾದದ ಮೂಳೆಗಳನ್ನು ವಿವರವಾಗಿ ವರ್ಣಿಸಿದ, ಅದಕ್ಕೊಂದು ಬೂಟನ್ನೂ ಮಾಡಿದ. 1831ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಚರ್ಮದಲ್ಲಿ ಸಣ್ಣ ತೂತು ಮಾಡಿ, ಹಿಮ್ಮಡಿಯನ್ನು ಮೇಲಕ್ಕೆಳೆಯುವ ಅಕಿಲಿಸ್ ಸ್ನಾಯುರಜ್ಜು ಕತ್ತರಿಸಿದ. ಲಂಡನ್ನಿನ ವೈದ್ಯ ವಿಲಿಯಂ ಲಿಟಲ್‌ಗೆ ಚಿಕ್ಕಂದಿನ ಕಾಯಿಲೆಯಿಂದ ಪಾದ ಸೊಟ್ಟಗಾಗಿತ್ತು. 1836ರಲ್ಲಿ ಅವನು ಸ್ಟ್ರೋಮೆಯರ್ ಹತ್ತಿರ ಹೋಗಿ ತನ್ನ ಕಾಲನ್ನೇ ಒಪ್ಪಿಸಿದ. ವಾಸಿಯಾಗಿ ವಾಪಸ್ ಬಂದು ಲಂಡನ್ನಿನಲ್ಲಿ ಇಂಥ ತೊಂದರೆಗಳಿಗೇ ಒಂದು ಆಸ್ಪತ್ರೆ ಶುರು ಮಾಡಿದ.

ಆಮೇಲೆ ಅರಿವಳಿಕೆ ಬಂತು, ನಂಜು ತಡೆಯುವ ವಿಧಾನ ಬಂತು. ಸರ್ಜನ್‌ಗಳಿಗೆ ಧೈರ್ಯವೂ ಬಂತು. ಪಾದ ಬಿಚ್ಚು, ಕೀಲು ಸಡಿಲಿಸು, ಮೂಳೆ ಕೂರಿಸು. ಮಗುವಿನ ಪಾದ ನೋಡಲು ಚೆಂದ ಆಗ್ತಿತ್ತು. 20-30 ವರ್ಷ ಕಳೆದ ಮೇಲೆ ಆ ಪಾದ ಏನಾಗಿದೆ ಅಂತ ನೋಡಿದವರು ಕಡಿಮೆ.

ಹಾಗೆ ನೋಡಿದವನು ಇಗ್ನಾಸಿಯೊ ಪೊನ್ಸೆಟಿ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದವನು. ಅಪ್ಪ ವಾಚ್ ರಿಪೇರಿ ಮಾಡ್ತಿದ್ದ, ಮಗನೂ ಕೈ ಹಾಕ್ತಿದ್ದ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಗಣರಾಜ್ಯದ ಸೇನೆಯ ವೈದ್ಯನಾಗಿದ್ದು, ಗಾಯಾಳುಗಳನ್ನು ಪೈರನೀಸ್ ಬೆಟ್ಟ ದಾಟಿಸಿ ಫ್ರಾನ್ಸಿಗೆ ಸಾಗಿಸಿದ. ಅಲ್ಲಿಂದ ಮೆಕ್ಸಿಕೊ, 1941ರಲ್ಲಿ ಅಮೆರಿಕದ ಅಯೋವಾ.

ಅಯೋವಾದಲ್ಲಿ ಹಿಂದೆ ಆಪರೇಷನ್ ಆಗಿದ್ದ ಸೊಟ್ಟ ಪಾದಗಳನ್ನು ಪರೀಕ್ಷಿಸಿದ. ಪಾದಗಳು ಮರದ ತುಂಡಿನ ಹಾಗೆ ಬಿಗಿ, ನಡೆದರೆ ನೋವು. ಪಾದದ ರಚನೆಯನ್ನು ಮತ್ತೆ ಮೊದಲಿಂದ ಅಭ್ಯಾಸ ಮಾಡಿದಾಗ ಒಂದು ವಿಷಯ ಹೊಳೆಯಿತು. ಟಾರ್ಸಲ್ ಕೀಲುಗಳು ಬಿಡಿಬಿಡಿಯಾಗಿ ಚಲಿಸಲ್ಲ. ವಾಚಿನ ಹಲ್ಲುಚಕ್ರದ ಹಾಗೆ ಒಂದು ತಿರುಗಿದರೆ ಉಳಿದವೂ ತಿರುಗಬೇಕು. ಅಲ್ಲೀವರೆಗೆ ಹೆಸರು ಮಾಡಿದ್ದ ಅಟ್ಲಾಂಟಾದ ಕೈಟ್ ಕೂಡ ಪ್ಲಾಸ್ಟರ್ ಪಟ್ಟಿಯಲ್ಲೇ ತಿದ್ದುತ್ತಿದ್ದ. ಆದರೆ ಒತ್ತುತ್ತಿದ್ದ ಜಾಗ ತಪ್ಪಾಗಿ ಹಿಮ್ಮಡಿ ಮೂಳೆ ತಿರುಗಲಾರದೆ ಸಿಕ್ಕಿಕೊಳ್ತಿತ್ತು, ಚಿಕಿತ್ಸೆ ತಿಂಗಳುಗಟ್ಟಲೆ ಎಳೀತಿತ್ತು. ಪೊನ್ಸೆಟಿ ಹೆಬ್ಬೆರಳನ್ನು ಟೇಲಸ್ ಮೂಳೆಯ ತಲೆಯ ಮೇಲಿಟ್ಟು, ಅದನ್ನೇ ಆಧಾರ ಮಾಡಿಕೊಂಡು ಪಾದವನ್ನು ಹೊರಕ್ಕೆ ತಿರುಗಿಸಿದ. ವಾರಕ್ಕೊಂದು ಪ್ಲಾಸ್ಟರ್, ಹೆಚ್ಚಿನ ಮಕ್ಕಳಿಗೆ 5-6 ಸಾಕು. ಮೇಲೆದ್ದ ಹಿಮ್ಮಡಿಯ ಸರದಿ ಕೊನೆಯಲ್ಲಿ, ಸ್ಟ್ರೋಮೆಯರ್‌ನ ಅದೇ ಸಣ್ಣ ಕತ್ತರಿಕೆಯಿಂದ. ನಮ್ಮ ಕೋಡ್‌ನಲ್ಲೂ ಹಾಗೇ ಅಲ್ವಾ? ಪ್ರತಿ ಸ್ಟೆಪ್ಪೂ ಸರಿ ಇದ್ದು ಆರ್ಡರ್ ತಪ್ಪಿದರೆ ಎಲ್ಲ ಕೆಡುತ್ತೆ.

1963ರಲ್ಲಿ ಪೊನ್ಸೆಟಿ ಫಲಿತಾಂಶ ಪ್ರಕಟಿಸಿದ. ಹೆಚ್ಚಿನವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಇನ್ನೂ ಮೂರು ದಶಕ ಆಪರೇಷನ್ನೇ ನಡೀತು. 1995ರಲ್ಲಿ ಅವನ ಹಳೆಯ ರೋಗಿಗಳ ಸುಮಾರು 30 ವರ್ಷದ ನಂತರದ ಅಧ್ಯಯನ ಬಂತು. 78% ಜನರ ಪಾದ ಉತ್ತಮ ಅಥವಾ ಅತ್ಯುತ್ತಮ. ಹುಟ್ಟಾ ಸರಿಯಿದ್ದವರಲ್ಲಿ ಈ ಅಂಕಿ 85%. ಆಗಲೂ ಸುದ್ದಿ ಹಬ್ಬಿಸಿದ್ದರಲ್ಲಿ ಅಪ್ಪ-ಅಮ್ಮಂದಿರ ಪಾಲು ದೊಡ್ಡದು. 90ರ ದಶಕದ ಕೊನೆಯಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿ, ಒಬ್ಬರಿಗೊಬ್ಬರು ಹೇಳಿಕೊಂಡು, ಮಕ್ಕಳನ್ನೆತ್ತಿಕೊಂಡು ಅಯೋವಾಕ್ಕೆ ಹೋದರು. ಪೊನ್ಸೆಟಿ 80 ದಾಟಿಯೂ ಪ್ಲಾಸ್ಟರ್ ಹಾಕ್ತಿದ್ದ. 2009ರಲ್ಲಿ ತೀರಿಕೊಂಡ.

ಈಗ ಇದೇ ವಿಧಾನ ಬಡ ದೇಶಗಳಲ್ಲೂ ನಡೀತಿದೆ, ಯಾಕಂದ್ರೆ ಬೇಕಾಗಿರೋದು ಪ್ಲಾಸ್ಟರ್, ತರಬೇತಾದ ಕೈ, ತಾಳ್ಮೆ. ನಮ್ಮಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ, ಚಿಕಿತ್ಸೆ ಉಚಿತ. ಕಷ್ಟ ಇರೋದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಎರಡು ಬೂಟುಗಳ ನಡುವೆ ಪಟ್ಟಿಯಿರುವ ಬ್ರೇಸನ್ನು ಮೊದಲ 3 ತಿಂಗಳು ಹೆಚ್ಚುಕಡಿಮೆ ಇಡೀ ದಿನ, ಆಮೇಲೆ 4-5 ವರ್ಷ ತುಂಬುವ ತನಕ ಮಲಗುವಾಗ ಹಾಕಬೇಕು. ಪಾದ ನೆಟ್ಟಗಾಯ್ತಲ್ಲ, ಮಗು ಅಳುತ್ತೆ ಅಂತ ನಡುವೆ ಬಿಟ್ಟರೆ ಪಾದ ಮತ್ತೆ ಒಳಕ್ಕೆ ತಿರುಗುತ್ತೆ.

ನಿಮ್ಮೂರಲ್ಲಿ ಇಂಥ ಮಗು ಹುಟ್ಟಿ, ದೊಡ್ಡದಾದ ಮೇಲೆ ನೋಡೋಣ ಅಂತ ಯಾರಾದ್ರೂ ಅಂದ್ರೆ ಒಂದು ಫೋನ್ ಮಾಡಿ. ಗ್ರಹಣದ ಮಾತು ಬಿಟ್ಟು ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅನ್ನಿ.