ಸಾಗರ ಶಕ್ತಿಯ ಮಾನದಂಡ ಮತ್ತು ಪ್ರಮಾಣೀಕರಣ

ಅಲೆ, ಉಬ್ಬರವಿಳಿತದ ಸೆಳೆತ ಹಾಗೂ ಕಡಲಿನ ಉಷ್ಣಾಂಶ ವ್ಯತ್ಯಾಸಗಳಿಂದ ವಿದ್ಯುತ್ ತಯಾರಿಸುವ ಯಂತ್ರಗಳನ್ನು ಎಲ್ಲ ದೇಶಗಳೂ ಒಪ್ಪುವ ಒಂದೇ ವಿಧಾನದಲ್ಲಿ ಅಳೆದು, ಅವುಗಳ ಸಾಮರ್ಥ್ಯ ಮತ್ತು ಸುರಕ್ಷತೆಯನ್ನು ತಟಸ್ಥ ಸಂಸ್ಥೆಯಿಂದ ದೃಢೀಕರಿಸುವ ವ್ಯವಸ್ಥೆ. ಯಂತ್ರ ತಯಾರಿಸಿದವನ ಮಾತನ್ನು ಮಾತ್ರ ನಂಬಿ ಬ್ಯಾಂಕು ಸಾಲ ಕೊಡುವುದಿಲ್ಲ, ವಿಮಾ ಕಂಪನಿ ಹೊಣೆ ಹೊರುವುದಿಲ್ಲ. ಪ್ರಯೋಗದ ಹಂತ ದಾಟಿ ಮಾರುಕಟ್ಟೆಗೆ ಬರಲು ಹೆಣಗುತ್ತಿರುವ ಈ ಉದ್ಯಮಕ್ಕೆ ಆ ನಂಬಿಕೆಯನ್ನು ಗಳಿಸಿಕೊಡುವುದು ಮಾನದಂಡದ ಕೆಲಸ.

ಹಿನ್ನೆಲೆ

ಫ್ರಾನ್ಸಿನ ರಾನ್ಸ್ ನದೀಮುಖದಲ್ಲಿ 1966ರಲ್ಲಿ ಆರಂಭವಾದ 240 ಮೆಗಾವಾಟ್ ಸಾಮರ್ಥ್ಯದ ಉಬ್ಬರವಿಳಿತ ಸ್ಥಾವರ ಇಂದಿಗೂ ನಡೆಯುತ್ತಿದೆ. ಅದು ಅಣೆಕಟ್ಟಿನ ಮಾದರಿಯದು. ಜಲವಿದ್ಯುತ್ತಿನ ಹಳೆಯ ಅನುಭವ ಅದರ ಬೆನ್ನಿಗಿತ್ತು. ತೆರೆದ ಕಡಲಿನಲ್ಲಿ ತೇಲುವ ಅಥವಾ ತಳದಲ್ಲಿ ನಿಲ್ಲುವ ಯಂತ್ರಗಳಿಗೆ ಅಂಥ ಆಸರೆ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಎಡಿನ್‌ಬರೊ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಅಲೆ ಶಕ್ತಿಯ ಕುರಿತು 1974ರಲ್ಲಿ ಪ್ರಕಟಿಸಿದ ಲೇಖನ ಹೊಸ ಆಸಕ್ತಿ ಹುಟ್ಟಿಸಿತು. ಬ್ರಿಟಿಷ್ ಸರ್ಕಾರವೂ ಸಂಶೋಧನೆಗೆ ಹಣ ಕೊಟ್ಟಿತು. ಆದರೆ ಈ ವಿದ್ಯುತ್ತಿಗೆ ತಗಲುವ ವೆಚ್ಚವೆಷ್ಟು ಎಂಬ ಬಗ್ಗೆ ತಜ್ಞರಲ್ಲೇ ತೀವ್ರ ಭಿನ್ನಾಭಿಪ್ರಾಯವಿತ್ತು. 1980ರ ದಶಕದ ಮೊದಲ ವರ್ಷಗಳಲ್ಲೇ ಆ ಕಾರ್ಯಕ್ರಮ ಬಹುಮಟ್ಟಿಗೆ ನಿಂತುಹೋಯಿತು.

ಮುಂದೆಯೂ ಆಘಾತಗಳು ತಪ್ಪಲಿಲ್ಲ. ಸ್ಕಾಟ್ಲೆಂಡಿನ ಡೂನ್‌ರೇ ಬಳಿ 1995ರಲ್ಲಿ ನಿಲ್ಲಿಸಿದ ಆಸ್ಪ್ರೆ ಎಂಬ ಯಂತ್ರ ಅಳವಡಿಕೆಯ ಹಂತದಲ್ಲೇ ಅಲೆಗಳ ಹೊಡೆತಕ್ಕೆ ಸಿಕ್ಕಿ ಮುಳುಗಿತು. ಕೆನಡಾದ ಫಂಡಿ ಕೊಲ್ಲಿಯಲ್ಲಿ 2009ರಲ್ಲಿ ಇಳಿಸಿದ ಟರ್ಬೈನಿನ ಅಲಗುಗಳು ಕೆಲವೇ ವಾರಗಳಲ್ಲಿ ಮುರಿದವು. ಅಲ್ಲಿನ ಸೆಳೆತ ವಿನ್ಯಾಸಕಾರರ ಲೆಕ್ಕವನ್ನು ಮೀರಿತ್ತು. ಜಾಗದ ಪ್ರವಾಹವನ್ನು ಹೇಗೆ ಅಳೆಯಬೇಕು, ಲಂಗರು ಎಷ್ಟು ಭಾರ ತಾಳಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ವಿಧಾನ ಅಗತ್ಯವೆಂದು ಇಂಥ ಘಟನೆಗಳು ಮನಗಾಣಿಸಿದವು.

ಗಾಳಿಯಂತ್ರಗಳ ಪಾಠ

ಈ ದಾರಿಯನ್ನು ಪವನ ವಿದ್ಯುತ್ ಮೊದಲೇ ತುಳಿದಿತ್ತು. ಡೆನ್ಮಾರ್ಕಿನ ರೀಸೊ ಪ್ರಯೋಗಾಲಯದಲ್ಲಿ 1978ರಲ್ಲಿ ಗಾಳಿಯಂತ್ರಗಳ ಪರೀಕ್ಷಾ ಕೇಂದ್ರ ಆರಂಭವಾಯಿತು. ಅಲ್ಲಿ ಅನುಮೋದನೆ ಪಡೆದ ಮಾದರಿಗಳಿಗಷ್ಟೇ ಸರ್ಕಾರಿ ಸಹಾಯಧನ ಸಿಗುತ್ತಿತ್ತು. ಇದರಿಂದ ದುರ್ಬಲ ಯಂತ್ರಗಳು ಹಿಂದೆ ಸರಿದವು, ಗಟ್ಟಿಯಾದವು ಬೆಳೆದವು. ಅಂತಾರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ (ಐಇಸಿ) 1994ರಲ್ಲಿ ಗಾಳಿಯಂತ್ರಗಳ ಸುರಕ್ಷತೆಗೆ ತನ್ನ ಮೊದಲ ಮಾನದಂಡ ಹೊರತಂದಿತು. ಭಾರತದಲ್ಲಿಯೂ ಪ್ರಮಾಣಪತ್ರ ಪಡೆದು ಸರ್ಕಾರದ ಪಟ್ಟಿಯಲ್ಲಿ ಸೇರಿದ ಮಾದರಿಗಳನ್ನೇ ಅಳವಡಿಸಬೇಕೆಂಬ ನಿಯಮ ಬಂತು. ಗದಗ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇಂದು ಎದ್ದು ನಿಲ್ಲುವ ಗಾಳಿಯಂತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಆರ್ಕ್ನಿಯಲ್ಲಿ ಆರಂಭ

ಸಾಗರ ಶಕ್ತಿಗೆ ರೀಸೊದಂಥ ನೆಲೆಯಾದದ್ದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳು. ಅಲ್ಲಿ 2003ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಸಾಗರ ಶಕ್ತಿ ಕೇಂದ್ರ (ಇಮೆಕ್) ಬಿಲಿಯಾ ಕ್ರೂ ಎಂಬಲ್ಲಿ ಅಲೆಯಂತ್ರಗಳಿಗೂ, ಈಡೇ ದ್ವೀಪದ ಬಳಿಯ ಫಾಲ್ ಆಫ್ ವಾರ್ನೆಸ್‌ನಲ್ಲಿ ಉಬ್ಬರವಿಳಿತ ಟರ್ಬೈನುಗಳಿಗೂ ಪರೀಕ್ಷಾ ತಾಣಗಳನ್ನು ಸಜ್ಜುಗೊಳಿಸಿತು. ಸಮುದ್ರದಡಿಯ ಕೇಬಲ್ ಮೂಲಕ ವಿದ್ಯುತ್ ಜಾಲಕ್ಕೆ ಸಂಪರ್ಕ ಇದ್ದುದರಿಂದ ಯಂತ್ರ ನಿಜವಾಗಿ ಎಷ್ಟು ವಿದ್ಯುತ್ ಕೊಡುತ್ತದೆ ಎಂಬುದನ್ನು ಅಳೆಯಲು ಸಾಧ್ಯವಾಯಿತು. ಪೆಲಾಮಿಸ್ ಎಂಬ ತೇಲುವ ಅಲೆಯಂತ್ರ 2004ರಲ್ಲಿ ಇಲ್ಲಿಂದಲೇ ಜಾಲಕ್ಕೆ ವಿದ್ಯುತ್ ನೀಡಿತು.

ಅಷ್ಟರಲ್ಲಿ ಹಡಗು ಮತ್ತು ಕಡಲಾಚೆಯ ತೈಲ ರಿಗ್ಗುಗಳನ್ನು ಪರಿಶೀಲಿಸುವ ಸಂಸ್ಥೆಗಳೂ ಮುಂದೆ ಬಂದವು. ನಾರ್ವೆಯ ಡಿಎನ್‌ವಿ, ಬ್ರಿಟನ್ನಿನ ಕಾರ್ಬನ್ ಟ್ರಸ್ಟ್‌ಗಾಗಿ 2005ರಲ್ಲಿ ಅಲೆಯಂತ್ರಗಳ ವಿನ್ಯಾಸ ಮತ್ತು ನಿರ್ವಹಣೆಗೆ ಮಾರ್ಗಸೂಚಿ ರಚಿಸಿತು. ತುಕ್ಕು, ಲೋಹದ ದಣಿವು, ಲಂಗರು ಸರಪಳಿಗಳ ಕುರಿತು ತೈಲೋದ್ಯಮ ಕಲಿತದ್ದು ಹೀಗೆ ಹೊಸ ಕ್ಷೇತ್ರಕ್ಕೆ ಹರಿದುಬಂತು. ಇಮೆಕ್ ಕೂಡ 2009ರಲ್ಲಿ ಉದ್ಯಮದೊಂದಿಗೆ ಸೇರಿ ಮಾರ್ಗಸೂಚಿಗಳ ಒಂದು ಮಾಲೆ ಪ್ರಕಟಿಸಿತು.

ಅಂತಾರಾಷ್ಟ್ರೀಯ ಮಾನದಂಡಗಳು

ಐಇಸಿ 2007ರಲ್ಲಿ ಸಾಗರ ಶಕ್ತಿಗೆಂದೇ 114ನೇ ತಾಂತ್ರಿಕ ಸಮಿತಿಯನ್ನು ರಚಿಸಿತು. ಅದರ ದಾಖಲೆಗಳೆಲ್ಲ 62600 ಎಂಬ ಸರಣಿಯಲ್ಲಿ ಬರುತ್ತವೆ. 2011ರ ಮೊದಲ ದಾಖಲೆ ಪರಿಭಾಷೆಯದು. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸಿದರೆ ಹೋಲಿಕೆಯೇ ಸಾಧ್ಯವಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸಬೇಕಾಯಿತು. ಅಲೆಯಂತ್ರಗಳ ಉತ್ಪಾದನೆ ಅಳೆಯುವ ವಿಧಾನ 2012ರಲ್ಲಿ, ಉಬ್ಬರವಿಳಿತ ಟರ್ಬೈನುಗಳದು 2013ರಲ್ಲಿ, ಕಡಲಿನ ಸಂಪನ್ಮೂಲದ ಅಂದಾಜು ಹಾಗೂ ಲಂಗರು ವ್ಯವಸ್ಥೆಯ ನಿಯಮಗಳು 2015ರಲ್ಲಿ ಹೊರಬಂದವು. ಯಂತ್ರದ ವಿನ್ಯಾಸ, ವಿದ್ಯುತ್ ಗುಣಮಟ್ಟ, ನೀರಿನಡಿಯ ಶಬ್ದ ಇವುಗಳಿಗೂ ಕ್ರಮೇಣ ನಿಯಮಗಳಾದವು.

ಅಳತೆಯ ಕ್ರಮಕ್ಕೆ ಅಲೆಯಂತ್ರವೇ ಒಳ್ಳೆಯ ಉದಾಹರಣೆ. ಕಡಲಿನ ಸ್ಥಿತಿಯನ್ನು ಅಲೆಯ ಎತ್ತರ ಮತ್ತು ಅವಧಿಗೆ ತಕ್ಕಂತೆ, ಎತ್ತರದಲ್ಲಿ ಅರ್ಧ ಮೀಟರ್, ಅವಧಿಯಲ್ಲಿ ಒಂದು ಸೆಕೆಂಡ್ ಮೀರದ ಮನೆಗಳಾಗಿ ವಿಂಗಡಿಸಿ, ಪ್ರತಿ ಮನೆಯಲ್ಲೂ ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತೆಂದು ದಾಖಲಿಸಲಾಗುತ್ತದೆ. ಈ ಕೋಷ್ಟಕ ಕೈಯಲ್ಲಿದ್ದರೆ, ಬೇರೊಂದು ಕಡಲಿನ ಅಲೆಗಳ ಮಾಹಿತಿ ಹಾಕಿ ಅಲ್ಲಿನ ವಾರ್ಷಿಕ ಉತ್ಪಾದನೆಯನ್ನು ಲೆಕ್ಕ ಹಾಕಬಹುದು. ಹೂಡಿಕೆದಾರ ಕೇಳುವ ಮೊದಲ ಪ್ರಶ್ನೆಗೆ ಇದೇ ಉತ್ತರ.

ಸರಣಿಯ ಬಹುಪಾಲು ದಾಖಲೆಗಳು ಪೂರ್ಣ ಮಾನದಂಡಗಳಲ್ಲ, ತಾಂತ್ರಿಕ ನಿರ್ದಿಷ್ಟತೆಗಳು. ತಂತ್ರಜ್ಞಾನ ಇನ್ನೂ ಬದಲಾಗುತ್ತಿರುವಾಗ ನಿಯಮವನ್ನು ಅಕಾಲದಲ್ಲಿ ಗಟ್ಟಿ ಮಾಡಿದರೆ ಹೊಸ ವಿನ್ಯಾಸಗಳಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಆದ್ದರಿಂದ ಅನುಭವ ಬಂದಂತೆ ತಿದ್ದುವ ಅವಕಾಶವನ್ನು ಉಳಿಸಿಕೊಳ್ಳಲಾಗಿದೆ.

ಪ್ರಮಾಣೀಕರಣ

ಮಾನದಂಡ ಪಾಲನೆಯಾಗಿದೆಯೇ ಎಂದು ನೋಡುವವರು ಬೇಕು. ಇದಕ್ಕಾಗಿ ಐಇಸಿ 2014ರಲ್ಲಿ ಐಇಸಿಆರ್‌ಇ ಎಂಬ ವ್ಯವಸ್ಥೆ ಸ್ಥಾಪಿಸಿತು. ಸೌರ, ಪವನ, ಸಾಗರ ಈ ಮೂರೂ ಶಕ್ತಿಗಳು ಅದರ ವ್ಯಾಪ್ತಿಯಲ್ಲಿವೆ. ಪರೀಕ್ಷಾ ಪ್ರಯೋಗಾಲಯಗಳನ್ನೂ ಪ್ರಮಾಣಪತ್ರ ನೀಡುವ ಸಂಸ್ಥೆಗಳನ್ನೂ ಅದೇ ಕ್ಷೇತ್ರದ ಇತರ ತಜ್ಞರು ಪರಿಶೀಲಿಸಿ ಒಪ್ಪಿದ ಬಳಿಕವಷ್ಟೇ ಅವು ಈ ವ್ಯವಸ್ಥೆಯಡಿ ಕೆಲಸ ಮಾಡುತ್ತವೆ. ಒಂದು ದೇಶದಲ್ಲಿ ನಡೆದ ಪರೀಕ್ಷೆಯನ್ನು ಇತರ ಸದಸ್ಯ ದೇಶಗಳೂ ಮನ್ನಿಸಬೇಕೆಂಬುದು ಇದರ ಉದ್ದೇಶ. ಸಮುದ್ರದಲ್ಲಿ ಒಂದು ಪರೀಕ್ಷೆಗೇ ಹಡಗು, ಮುಳುಗುಗಾರರು, ಒಳ್ಳೆಯ ಹವಾಮಾನ ಎಲ್ಲವೂ ಕೂಡಿಬರಬೇಕು. ಪುಟ್ಟ ಕಂಪನಿಗೆ ಅದನ್ನು ದೇಶದಿಂದ ದೇಶಕ್ಕೆ ಮತ್ತೆ ಮಾಡುವ ಶಕ್ತಿ ಇರುವುದಿಲ್ಲ.

ಮಿತಿಗಳು

ಪ್ರಮಾಣಪತ್ರ ವಿದ್ಯುತ್ತಿನ ದರವನ್ನು ತಾನಾಗಿ ಇಳಿಸುವುದಿಲ್ಲ. ಪೆಲಾಮಿಸ್ ಕಂಪನಿ ಹಲವು ವರ್ಷಗಳ ಪರೀಕ್ಷೆಯ ನಂತರವೂ 2014ರಲ್ಲಿ ಹಣವಿಲ್ಲದೆ ಮುಚ್ಚಿತು. ಮತ್ತೊಂದೆಡೆ, ಪೆಂಟ್‌ಲೆಂಡ್ ಜಲಸಂಧಿಯ ಮೇಜೆನ್ ಯೋಜನೆಯ 6 ಮೆಗಾವಾಟ್ ಮೊದಲ ಹಂತ 2018ರಲ್ಲಿ ಪೂರ್ಣ ಕಾರ್ಯಾಚರಣೆಗೆ ಬಂತು. 2022ರ ಬ್ರಿಟಿಷ್ ಹರಾಜಿನಲ್ಲಿ ಉಬ್ಬರವಿಳಿತ ವಿದ್ಯುತ್ತಿಗೆ ಪ್ರತ್ಯೇಕ ಹಣ ಮೀಸಲಿಟ್ಟಾಗ ಸುಮಾರು 41 ಮೆಗಾವಾಟ್ ಯೋಜನೆಗಳಿಗೆ ಖಾತರಿ ದರ ದೊರೆಯಿತು. ನಂಬಲರ್ಹ ಅಳತೆ ಮತ್ತು ಖಚಿತ ದರ ಎರಡೂ ಸೇರಿದಾಗಲೇ ಮಾರುಕಟ್ಟೆ ತೆರೆಯುತ್ತದೆ.

ಭಾರತದಲ್ಲಿ

ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಮದ್ರಾಸ್ ಐಐಟಿಯ ನೆರವಿನಿಂದ 150 ಕಿಲೋವಾಟ್ ಸಾಮರ್ಥ್ಯದ ಅಲೆ ವಿದ್ಯುತ್ ಸ್ಥಾವರ ನಿರ್ಮಾಣವಾಯಿತು. ಕೇಂದ್ರ ಸರ್ಕಾರ 2019ರಲ್ಲಿ ಸಾಗರ ಶಕ್ತಿಯನ್ನು ನವೀಕರಿಸಬಹುದಾದ ಶಕ್ತಿಯೆಂದು ಘೋಷಿಸಿ, ವಿದ್ಯುತ್ ಕಂಪನಿಗಳ ಕಡ್ಡಾಯ ಖರೀದಿಯ ಲೆಕ್ಕಕ್ಕೆ ಸೇರಿಸಿತು. ದೇಶದ ಉಬ್ಬರವಿಳಿತ ಸಾಮರ್ಥ್ಯವನ್ನು 12,455 ಮೆಗಾವಾಟ್ ಎಂದು ಅಂದಾಜಿಸಲಾಗಿದೆ. ವಾಣಿಜ್ಯ ಮಟ್ಟದ ಉತ್ಪಾದನೆ ಮಾತ್ರ ಇನ್ನೂ ಆರಂಭವಾಗಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಂಥ ಸಮರ್ಥ ಸಂಸ್ಥೆಗಳು ನಮ್ಮಲ್ಲಿವೆ. ಮುಂಗಾರಿನ ಅಬ್ಬರವನ್ನೂ ಬೆಚ್ಚಗಿನ ನೀರಿನಲ್ಲಿ ಬೇಗ ಕಟ್ಟುವ ಪಾಚಿ, ಕಪ್ಪೆಚಿಪ್ಪುಗಳನ್ನೂ ಲೆಕ್ಕಕ್ಕೆ ಹಿಡಿಯುವ ಪರೀಕ್ಷಾ ತಾಣ ನಮ್ಮ ಕರಾವಳಿಯಲ್ಲಿ ತಲೆಯೆತ್ತಬೇಕು, ಅದರ ಫಲಿತಾಂಶ ಅಂತಾರಾಷ್ಟ್ರೀಯ ನಿಯಮಗಳನ್ನು ರೂಪಿಸುವ ಸಮಿತಿಯನ್ನು ತಲುಪಬೇಕು. ಉತ್ತರ ಅಟ್ಲಾಂಟಿಕ್ ಕಡಲಿನ ಅನುಭವವೊಂದನ್ನೇ ಆಧರಿಸಿದ ಮಾನದಂಡ ಅರಬ್ಬಿ ಸಮುದ್ರಕ್ಕೆ ಸಾಲದು.