ಮಳಖೇಡ, ಚಹಾ ಮತ್ತು ಋತುಮಾನದ ರುಚಿಗಳು



ಸೇಡಂ ತಾಲ್ಲೂಕಿನ ಮಳಖೇಡದ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಕಾಗಿಣಾ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳಿದ. ಅವನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಪರೀಕ್ಷೆಗೆ ಇಷ್ಟು ಸಾಕು. ಇಂದು ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಈ ಸೀಮೆಯ ಜನ ಬೇಸಿಗೆ, ಮಳೆ, ಚಳಿಗಳಲ್ಲಿ ಏನು ಕುಡಿಯುತ್ತಿದ್ದರು? ಇಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಸಿಗುವ ಚಹಾ ಇಲ್ಲಿಗೆ ಹೇಗೆ ಬಂತು?

ಒಂದೇ ಪುಸ್ತಕದಲ್ಲಿ ಎರಡು ಸುದ್ದಿ

ಕ್ರಿ.ಶ. 851ರಲ್ಲಿ ಅರಬ್ಬಿ ಭಾಷೆಯಲ್ಲಿ ಒಂದು ಪ್ರವಾಸ ವೃತ್ತಾಂತ ಸಿದ್ಧವಾಯಿತು. ಅದು ಸುಲೈಮಾನನೆಂಬ ವ್ಯಾಪಾರಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಜಗತ್ತಿನ ನಾಲ್ವರು ಮಹಾರಾಜರ ಎಣಿಕೆಯಿದೆ: ಅರಬರ ಖಲೀಫ, ಚೀನದ ದೊರೆ, ರೋಮಿನ ದೊರೆ, ನಾಲ್ಕನೆಯವನು ‘ಬಲ್ಹರಾ’. ಬಲ್ಹರಾ ಎಂದರೆ ನಮ್ಮ ‘ವಲ್ಲಭರಾಜ’ನೇ, ರಾಷ್ಟ್ರಕೂಟ ಅರಸರ ಬಿರುದು ಅರಬರ ನಾಲಿಗೆಯಲ್ಲಿ ಹಾಗಾಯಿತು. 814ರಿಂದ 878ರವರೆಗೆ ಆಳಿದ ಅಮೋಘವರ್ಷನೇ ಆಗ ಸಿಂಹಾಸನದಲ್ಲಿದ್ದವನು.

ಅದೇ ಪುಸ್ತಕದಲ್ಲಿ ಇನ್ನೊಂದು ಸುದ್ದಿಯೂ ಇದೆ. ಚೀನದವರು ಒಂದು ಗಿಡದ ಎಲೆಯ ಮೇಲೆ ಕುದಿಯುವ ನೀರು ಹೊಯ್ದು ಕುಡಿಯುತ್ತಾರೆ. ಅದು ತುಸು ಕಹಿ, ತುಸು ಪರಿಮಳ. ಅದರಿಂದ ದೊರೆಗೆ ಭಾರಿ ಆದಾಯ. ಅದರ ಹೆಸರು ‘ಸಾಖ್’. ಇದು ಚಹಾ ಎಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಅರಬ್ಬಿ ಬರಹದಲ್ಲಿ ಚಹಾದ ಅತಿ ಹಳೆಯ ಉಲ್ಲೇಖಗಳಲ್ಲಿ ಇದೊಂದು.

ನೋಡಿ, ಮಳಖೇಡದ ಅರಸನೂ ಚಹಾದ ಎಲೆಯೂ ಒಂದೇ ಪುಸ್ತಕದಲ್ಲಿ ಜೊತೆಗೂಡಿದ್ದವು. ಆದರೆ ಆ ಎಲೆ ಮಳಖೇಡದ ಒಲೆಯನ್ನು ಮುಟ್ಟಲು ಇನ್ನೂ ಸಾವಿರ ವರ್ಷ ಬೇಕಾಯಿತು. ಹಡಗುಗಳಿದ್ದವು, ವ್ಯಾಪಾರಿಗಳಿದ್ದರು, ಸುದ್ದಿಯೂ ಇತ್ತು. ಸುದ್ದಿ ತಲುಪಿದಲ್ಲೆಲ್ಲ ಅಭ್ಯಾಸ ತಲುಪುವುದಿಲ್ಲ. ಈ ಪಾಠವನ್ನು ಇತಿಹಾಸ ನಮಗೆ ಮತ್ತೆ ಮತ್ತೆ ಕಲಿಸುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಹೈದರಾಬಾದಿನ ಕಡೆ ಹಾಲಿಲ್ಲದ ನಿಂಬೆಯ ಚಹಾಕ್ಕೆ ‘ಸುಲೈಮಾನಿ’ ಎನ್ನುತ್ತಾರೆ. ಸುಲೈಮಾನ ವ್ಯಾಪಾರಿಯೇ ಅದನ್ನು ತಂದನೆಂದು ಕಥೆ ಕಟ್ಟುವುದು ಸುಲಭ. ಆದರೆ ಹೆಸರು ಹೊಂದಿದ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಚಹಾಕ್ಕೆ ಮುಂಚೆ

ಹಾಗಾದರೆ ಆ ಸಾವಿರ ವರ್ಷ ಜನ ಏನು ಕುಡಿದರು? 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಲುಕ್ಯರು ಬಂದರು. ಮುಂದೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಅಲ್ಲಿ 1129ರ ಸುಮಾರಿಗೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಊಟಕ್ಕೆ ಒಂದು ಪ್ರಕರಣವಿದ್ದರೆ ಪಾನೀಯಕ್ಕೂ ಒಂದು ಪ್ರಕರಣ ಇದೆ. ಮಳೆಯ ನೀರು, ಹೊಳೆಯ ನೀರು, ಬಾವಿಯ ನೀರು, ಇವುಗಳಲ್ಲಿ ಯಾವ ಋತುವಿಗೆ ಯಾವುದು ಹಿತ ಎಂಬುದರಿಂದ ಹಿಡಿದು ಹೂವಿನಿಂದ ನೀರಿಗೆ ಪರಿಮಳ ಕೂಡಿಸುವವರೆಗೆ ಅಲ್ಲಿ ವಿವರಗಳಿವೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳ ವಿಷಯವೇ ಒಂದು ಅಧ್ಯಾಯ. ಈ ಎರಡು ಗ್ರಂಥಗಳಲ್ಲಿಯೂ ಚಹಾದ ಹೆಸರಿಲ್ಲ.

ಇವು ಅರಮನೆಯ ಮತ್ತು ಪಂಡಿತರ ಪುಸ್ತಕಗಳು. ಹೊಲದಲ್ಲಿ ದುಡಿಯುವವರ ಬಟ್ಟಲಿನ ಸುದ್ದಿ ಬೇಕಾದರೆ ನಾವು ಹಬ್ಬ ಮತ್ತು ಅಡುಗೆಮನೆಗಳನ್ನು ಕೇಳಬೇಕು. ಬಿಸಿಲು ನಲವತ್ತು ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಜೋಳದ ಅಂಬಲಿ ಮತ್ತು ಮಜ್ಜಿಗೆ ಬೇಸಿಗೆಯ ಆಸರೆ. ಇನ್ನು ಯುಗಾದಿಯ ‘ಬೇವು’. ದಕ್ಷಿಣದ ಜಿಲ್ಲೆಗಳಲ್ಲಿ ಬೇವು ಬೆಲ್ಲವನ್ನು ಚಿಟಿಕೆಯಷ್ಟು ತಿನ್ನುತ್ತಾರೆ. ಕಲಬುರಗಿಯ ಕಡೆ ಬೇವನ್ನು ಕುಡಿಯುತ್ತಾರೆ. ಹೊಸ ಗಡಿಗೆಯ ನೀರಿನಲ್ಲಿ ಹುಣಸೆಯ ಹುಳಿ ಕಿವುಚಿ, ಬೆಲ್ಲ ಕರಗಿಸಿ, ಬೇವಿನ ಹೂ, ಹೆಚ್ಚಿದ ಮಾವಿನಕಾಯಿ, ಪುಟಾಣಿ ಹಿಟ್ಟು ಹಾಕುತ್ತಾರೆ. ಅನುಕೂಲವಿದ್ದವರು ಕೊಬ್ಬರಿ, ದ್ರಾಕ್ಷಿ, ಗೋಡಂಬಿಯನ್ನೂ ಸೇರಿಸುತ್ತಾರೆ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹುಣಸೆ ಬಡಿಯುವುದು ಬೇಸಿಗೆಯ ಮೊದಲಿಗೆ. ಪುಟಾಣಿ ಬರುವುದು ಹಿಂಗಾರಿ ಕಡಲೆಯಿಂದ. ಅದರ ರಾಶಿ ಆಗಷ್ಟೇ ಮುಗಿದಿರುತ್ತದೆ. ಬೇವು ಹೂ ಬಿಡುವುದೂ ಮಾವು ಕಾಯಿ ಹಿಡಿಯುವುದೂ ಆಗಲೇ. ಹೊಲ ಮತ್ತು ಗಿಡಮರಗಳು ಆ ತಿಂಗಳು ಕೊಟ್ಟದ್ದೆಲ್ಲ ಒಂದು ಗಡಿಗೆಯಲ್ಲಿ ಕೂಡುತ್ತದೆ. ಆರು ತಿಂಗಳು ಬಿಟ್ಟು ಇದನ್ನೇ ಮಾಡಲು ಹೋದರೆ ಬೇವಿನ ಹೂವೂ ಸಿಗದು, ಮಾವಿನಕಾಯಿಯೂ ಸಿಗದು.

ಎಲ್ಲ ಪಾನೀಯವೂ ಋತುವಿಗೆ ಕಟ್ಟುಬಿದ್ದದ್ದಲ್ಲ ಎಂಬುದನ್ನೂ ಹೇಳಬೇಕು. ಮೊಹರಂ ಹಬ್ಬದಲ್ಲಿ ಹಂಚುವ ಶರಬತ್ತನ್ನು ಈ ಭಾಗದ ಊರುಗಳಲ್ಲಿ ಎಲ್ಲ ಮತದವರೂ ಕುಡಿಯುತ್ತಾರೆ. ಆ ಹಬ್ಬ ಚಾಂದ್ರಮಾನದ್ದಾದ್ದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತುತ್ತದೆ. ಶರಬತ್ತೂ ಅದರ ಜೊತೆ ಸುತ್ತುತ್ತದೆ.

ರೈಲಿನ ಹಿಂದೆ ಬಂದ ಎಲೆ

ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಇಲ್ಲಿ ಬೆಳೆದದ್ದು ಬಹುಕಾಲ ಹೊರದೇಶಕ್ಕೇ ಹೋಗುತ್ತಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಈ ಮಾರ್ಗದ ನಿಲ್ದಾಣಗಳು. ವಾಡಿಯಲ್ಲಿ ಅದು ಮುಂಬಯಿ-ರಾಯಚೂರು ಮಾರ್ಗವನ್ನು ಕೂಡಿತು. 1903ರಲ್ಲಿ ಸರ್ಕಾರ ಚಹಾದ ರಫ್ತಿನ ಮೇಲೆ ಸುಂಕ ವಿಧಿಸಿ ಆ ಹಣವನ್ನು ಪ್ರಚಾರಕ್ಕೆ ಕೊಟ್ಟಿತು. ಮುಂದಿನ ದಶಕಗಳಲ್ಲಿ ರೈಲು ನಿಲ್ದಾಣಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಚಹಾದ ಪ್ರಚಾರ ನಡೆಯಿತು.

ಪ್ರಚಾರಕರು ಕಲಿಸಿದ್ದು ಇಂಗ್ಲಿಷರ ಕ್ರಮ: ಎಲೆ ಹೆಚ್ಚು, ಹಾಲು ಕಡಿಮೆ. ನಮ್ಮ ಚಹಾದವರು ಕೇಳಲಿಲ್ಲ. ಎಲೆ ಕಡಿಮೆ ಮಾಡಿದರು, ಹಾಲು ಸಕ್ಕರೆ ಹೆಚ್ಚಿಸಿದರು, ಮಸಾಲೆ ಹಾಕಿ ಕುದಿಸಿದರು. ಎಲೆಯ ಮಾರಾಟ ಕುಗ್ಗುತ್ತದೆಂದು ಪ್ರಚಾರಕರಿಗೆ ಬೇಸರವಾಯಿತು. ಜನ ಮಾತ್ರ ಪರದೇಶದ ಪಾನೀಯವನ್ನು ತಮ್ಮ ಹಳೆಯ ಋತುಜ್ಞಾನಕ್ಕೆ ಒಗ್ಗಿಸಿಕೊಂಡರು. ಮಳೆಗಾಲಕ್ಕೂ ಚಳಿಗೂ ಹಸಿಶುಂಠಿ (ಈ ಕಡೆಯವರ ಮಾತಿನಲ್ಲಿ ‘ಅಲ್ಲ’), ನೆಗಡಿಗೆ ಮೆಣಸು ತುಳಸಿ, ನೆಂಟರಿಗೆ ಯಾಲಕ್ಕಿ, ಬೇಸಿಗೆಗೆ ನಿಂಬೆ.

ನಿಂಬೆ ಹಿಂಡಿದ ಚಹಾಕ್ಕೆ ಹಾಲು ಹಾಕುವುದಿಲ್ಲವೇಕೆ? ನಿಂಬೆಯ ಆಮ್ಲ ಹಾಲಿನ ಪ್ರೋಟೀನನ್ನು ಗಟ್ಟಿಗೊಳಿಸಿ ಹಾಲನ್ನು ಒಡೆಯುತ್ತದೆ. ಹಾಲಿನ ಚಹಾ, ಹಣ್ಣಿನ ಚಹಾ ಎಂಬ ಎರಡು ದಾರಿಗಳು ಕವಲೊಡೆಯುವುದಕ್ಕೆ ಇದೂ ಒಂದು ಕಾರಣ.

1948ರವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೆಸರು ಮಾತ್ರ ಬದಲಾಗಲಿಲ್ಲ. ಬೆಂಗಳೂರಿನವರು ‘ಟೀ’ ಎಂದರೆ ಇಲ್ಲಿಯವರು ಇಂದಿಗೂ ‘ಚಹಾ’ ಎನ್ನುತ್ತಾರೆ. ಎರಡೂ ಚೀನದ ಮಾತುಗಳೇ. ಒಂದೇ ಗಿಡಕ್ಕೆ ಅಲ್ಲಿನ ಬೇರೆ ಬೇರೆ ಸೀಮೆಗಳವರು ಇಟ್ಟ ಹೆಸರುಗಳು.

ಈಗ ಮಾಡಬೇಕಾದದ್ದು

1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ, ಸಾಬೂದಾಣಿಯಂಥ ಗುಂಡುಗಳ ಹಾಲಿನ ಚಹಾ ಈಗ ನಮ್ಮ ನಗರಗಳಲ್ಲೂ ಸಿಗುತ್ತದೆ. ಮಾವಿನ ರುಚಿ ಡಿಸೆಂಬರಿನಲ್ಲೂ ಉಂಟು. ಏಕೆಂದರೆ ಅದು ಸೀಸೆಯಿಂದ ಬರುತ್ತದೆ. ಕುಡಿಯಬೇಡಿ ಎಂದು ನಾನು ಹೇಳುವುದಿಲ್ಲ. ಚಹಾವೂ ಒಂದು ದಿನ ಹೊಸತೇ ಆಗಿತ್ತು. ಆದರೆ ಸೀಸೆಯ ರುಚಿಗೆ ಅದರದೇ ಲೆಕ್ಕಪತ್ರವಿದೆ, ಕಂಪನಿಯಿದೆ. ನಿಮ್ಮ ಅಜ್ಜಿಯ ಗಡಿಗೆಗೆ ಅಂಥ ದಾಖಲೆ ಯಾವುದೂ ಇಲ್ಲ. ಅರಸನ ಪಾನೀಯವನ್ನು ಅರಸನೇ ಬರೆಸಿಟ್ಟ. ರೈತನ ಅಂಬಲಿಯನ್ನು ಬರೆದಿಟ್ಟವರು ಯಾರು? ಅದು ತಿಳಿದವರ ಜೊತೆಗೇ ಹೋಗಿಬಿಡಬಹುದು.

ಆದ್ದರಿಂದ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡು ತಿಂಗಳ ಹೆಸರು ಬರೆಯಿರಿ. ಯಾವ ತಿಂಗಳಲ್ಲಿ ಮನೆಯಲ್ಲಿ ಏನು ಕುಡಿಯುತ್ತಿದ್ದರು, ಅದರ ಸಾಮಾನು ಎಲ್ಲಿಂದ ಬರುತ್ತಿತ್ತು, ಮೊದಲ ಚಹಾ ಯಾವಾಗ ಕುಡಿದರು ಎಂದು ಹಿರಿಯರನ್ನು ಕೇಳಿ. ಹೇಳಿದವರ ವಯಸ್ಸು ಮತ್ತು ಊರನ್ನು ಮರೆಯದೆ ಬರೆದುಕೊಳ್ಳಿ. ದೂರದ ಒಬ್ಬ ಅರಬ ಕೇಳಿ ಬರೆದದ್ದರಿಂದಲೇ ಒಂದು ಎಲೆಯ ಸುದ್ದಿ ನಮಗೆ ಉಳಿಯಿತು. ನಿಮ್ಮ ಊರಿನ ಸುದ್ದಿಯನ್ನು ನೀವು ಬರೆಯಿರಿ.